ಕಲ್ಲು ಕಂಡಿತು, ಬಸುರಿ ಕಾಣಲಿಲ್ಲ



ಹೋದ ತಿಂಗಳು ಒಂದು ಭಾನುವಾರ ನಮ್ಮ ಹಾಸ್ಟೆಲ್ಲಿನ ಊಟದ ಹಾಲಿನ ಗೋಡೆಗೆ ಬಿಳಿ ಪಂಚೆ ಕಟ್ಟಿ ‘ಅಂಕುರ್’ ಸಿನಿಮಾ ತೋರಿಸಿದೆವು. ಹೆಣ್ಣುಮಕ್ಕಳ ಹಾಸ್ಟೆಲ್ಲಿನಿಂದಲೂ ಹತ್ತು ಹನ್ನೆರಡು ಜನ ಬಂದಿದ್ದರು. ಸಿನಿಮಾ ಮುಗಿಯುವ ಹೊತ್ತಿಗೆ ಅವರ ವಾರ್ಡನ್ ಕೊಟ್ಟಿದ್ದ ಟೈಮು ಮುಗಿದಿತ್ತು. ಅವರು ಎದ್ದು ಹೋದರು. ಆಮೇಲೆ ನಾವು ಗಂಡಸರೇ ಕೂತು, ತೆರೆಯ ಮೇಲಿನ ಒಬ್ಬ ಬಸುರಿಯ ಬಗ್ಗೆ ರಾತ್ರಿ ಒಂದು ಗಂಟೆಯವರೆಗೆ ವಾದ ಮಾಡಿದೆವು. ಆ ವಾದದಲ್ಲಿ ನಮ್ಮ ಬಂಡವಾಳ ಬಯಲಾಯಿತು. ಅದನ್ನೇ ಬರೆದು ನಿಮ್ಮ ಮುಂದೆ ಇಡುತ್ತಿದ್ದೇವೆ.

ನೋಡದವರಿಗಾಗಿ ಮೊದಲು ಕಥೆ. ‘ಅಂಕುರ್’ 1974ರಲ್ಲಿ ಬಂದದ್ದು. 2024ರಲ್ಲಿ ತೀರಿಕೊಂಡ ಶ್ಯಾಮ್ ಬೆನಗಲ್ ಅವರ ಮೊದಲ ಕಥಾಚಿತ್ರ. ಹೈದರಾಬಾದಿನ ಕಡೆ ನಡೆದ ಒಂದು ನಿಜ ಘಟನೆಯ ಮೇಲೆ ಕಟ್ಟಿದ್ದು. ಮಾತು ದಖನಿ. ನಮ್ಮ ಅನಂತನಾಗ್ ಧಣಿಯ ಮಗ ಸೂರ್ಯ. ಶಬಾನಾ ಆಜ್ಮಿ ಕೆಲಸದಾಕೆ ಲಕ್ಷ್ಮಿ. ಸಾಧು ಮೆಹೆರ್ ಅವಳ ಗಂಡ ಕಿಷ್ಟಯ್ಯ, ಕಿವಿ ಕೇಳದ, ಮಾತು ಬಾರದ ಮನುಷ್ಯ. ಶಬಾನಾಗೂ ಸಾಧು ಮೆಹೆರ್‌ಗೂ ಈ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಸಿನಿಮಾದಲ್ಲಿ ಕಿಷ್ಟಯ್ಯ ಕುಂಬಾರ. ಅಲ್ಯುಮಿನಿಯಂ ಪಾತ್ರೆ ಬಂದ ಮೇಲೆ ಅವನ ಮಡಕೆ ಕೇಳುವವರಿಲ್ಲ. ಕುಡಿತಕ್ಕೆ ಬಿದ್ದಿದ್ದಾನೆ. ಸಿನಿಮಾದ ಬಗ್ಗೆ ಬರೆದವರು ಅನೇಕರು ಈ ಗಂಡಹೆಂಡಿರನ್ನು ದಲಿತರೆಂದೇ ಬರೆದಿದ್ದಾರೆ. ಜಾತಿಯ ಹೆಸರು ಏನೇ ಇರಲಿ, ಅವಳ ಕೈಯ ಚಹಾ ಧಣಿ ಕುಡಿದರೆ ಊರು ಮೂಗು ಮುರಿಯುತ್ತದೆ. ಅಷ್ಟು ಸಾಕು, ಅವಳು ನಮ್ಮ ಕಡೆಯವಳು.

ಸೂರ್ಯ ಪಟ್ಟಣದಲ್ಲಿ ಓದಿ ಬಂದವನು. ಜಾತಿಗೀತಿ ನಂಬುವುದಿಲ್ಲ ಎನ್ನುತ್ತಾನೆ. ಲಕ್ಷ್ಮಿ ಮಾಡಿದ ಅಡುಗೆ ಉಣ್ಣುತ್ತಾನೆ. ಕಿಷ್ಟಯ್ಯ ಶೇಂದಿ ಕದ್ದನೆಂದು ತಲೆ ಬೋಳಿಸಿ ಕತ್ತೆಯ ಮೇಲೆ ಮೆರವಣಿಗೆ ಮಾಡಿಸುತ್ತಾರೆ. ಅವಮಾನ ತಾಳದೆ ಅವನು ಊರು ಬಿಡುತ್ತಾನೆ. ಅವಳು ಒಂಟಿಯಾಗುತ್ತಾಳೆ. ಜಾತಿ ನಂಬದ ಧಣಿ ಅವಳನ್ನು ಹಾಸಿಗೆಗೂ ಕರೆಯುತ್ತಾನೆ. ಅವಳು ಬಸುರಾಗುತ್ತಾಳೆ. ಅಷ್ಟರಲ್ಲಿ ಅವನ ಹೆಂಡತಿ ಸರು ಮನೆಗೆ ಬರುತ್ತಾಳೆ. ಲಕ್ಷ್ಮಿಯ ಕೆಲಸ ಹೋಗುತ್ತದೆ. ಹೊಟ್ಟೆಗೆ ಇಲ್ಲದೆ ಒಂದಿಷ್ಟು ಅಕ್ಕಿ ಕದ್ದು ಸಿಕ್ಕಿಬೀಳುತ್ತಾಳೆ. ತೆಗೆಸಿಕೋ ಎಂದು ಸೂರ್ಯ ಹೇಳಿರುತ್ತಾನೆ. ತೆಗೆಸುವುದಿಲ್ಲ ಎಂದು ಅವಳು ಹೇಳಿರುತ್ತಾಳೆ.

ಈಗ ಕೊನೆ. ಕಿಷ್ಟಯ್ಯ ಒಂದು ದಿನ ತಿರುಗಿ ಬರುತ್ತಾನೆ. ಕುಡಿತ ಬಿಟ್ಟಿದ್ದಾನೆ, ಕೈಯಲ್ಲಿ ದುಡಿದ ಕಾಸಿದೆ. ಹೆಂಡತಿಯ ಹೊಟ್ಟೆ ನೋಡುತ್ತಾನೆ. ನೋಡಿ ಖುಷಿಪಡುತ್ತಾನೆ! ಕೋಲು ಹಿಡಿದು ಧಣಿಯ ಹತ್ತಿರ ಕೆಲಸ ಕೇಳಲು ನಡೆಯುತ್ತಾನೆ. ತಪ್ಪು ಮಾಡಿದ ಧಣಿಗೆ ಆ ಕೋಲು ಸೇಡಿನ ಕೋಲಾಗಿ ಕಾಣುತ್ತದೆ. ಹೆದರಿದ ಧಣಿ ಆ ಮೂಗನನ್ನು ಬಡಿಯುತ್ತಾನೆ, ಬಡಿಯುತ್ತಾನೆ, ಬಡಿಯುತ್ತಲೇ ಇರುತ್ತಾನೆ. ಲಕ್ಷ್ಮಿ ಓಡಿ ಬಂದು ಗಂಡನ ಮೇಲೆ ಬೀಳುತ್ತಾಳೆ. ಧಣಿಗೆ ಶಾಪ ಹಾಕುತ್ತಾಳೆ. ಗಂಡನನ್ನು ಎತ್ತಿಕೊಂಡು ಹೋಗುತ್ತಾಳೆ. ಧಣಿ ಒಳಗೆ ಸೇರುತ್ತಾನೆ. ಎಲ್ಲವನ್ನೂ ನೋಡುತ್ತ ನಿಂತಿದ್ದ ಒಬ್ಬ ಸಣ್ಣ ಹುಡುಗ ಧಣಿಯ ಕಿಟಕಿಗೆ ಕಲ್ಲು ಬೀಸಿ ಓಡುತ್ತಾನೆ. ಗಾಜು ಒಡೆಯುತ್ತದೆ. ತೆರೆಯೆಲ್ಲ ಕೆಂಪು. ಮುಗಿಯಿತು.

ಅಂಕುರ ಎಂದರೆ ಮೊಳಕೆ. ಯಾವ ಮೊಳಕೆ? ಇದೇ ನಮ್ಮ ಜಗಳ.

ನಮ್ಮಲ್ಲಿ ಮೂರು ಗುಂಪಾಯಿತು. ಮೊದಲ ಗುಂಪು, ‘ಕಲ್ಲೇ ಕ್ರಾಂತಿ, ಆ ಹುಡುಗನೇ ಮೊಳಕೆ, ಕೆಂಪು ಎಂದರೆ ಗೊತ್ತಲ್ಲ’ ಎಂದಿತು. ಎರಡನೆಯ ಗುಂಪು, ‘ಇದು ಪಟ್ಟಣದ ನಿರ್ದೇಶಕನ ಹುಸಿ ಸಮಾಧಾನ, ಚಿಕ್ಕ ಹುಡುಗ ಗಾಜು ಒಡೆದರೆ ಜಮೀನ್ದಾರಿ ಬೀಳುತ್ತದಾ?’ ಎಂದಿತು. ಮೂರನೆಯ ಗುಂಪು ಕಿಷ್ಟಯ್ಯನನ್ನು ಹಿಡಿದುಕೊಂಡಿತು. ‘ಪಾಪ, ಕೂಸು ತನ್ನದೇ ಅಂದುಕೊಂಡಿದ್ದಾನೆ. ಗೊತ್ತಾದ ದಿನ ಅವಳನ್ನು ಕೊಂದೇ ಹಾಕುತ್ತಾನೆ. ನಿಜವಾದ ಕೊನೆ ಅದು, ನಿರ್ದೇಶಕ ತೋರಿಸಲಿಲ್ಲ ಅಷ್ಟೇ’ ಎಂದಿತು.

ಮೊದಲ ಗುಂಪಿಗೆ ನಮ್ಮ ಉತ್ತರ ಇದು. ಸಿನಿಮಾ ಕಲ್ಲಿನ ಹತ್ತಿರ ನಿಲ್ಲಬಹುದು, ಊರು ಅಲ್ಲಿ ನಿಲ್ಲುವುದಿಲ್ಲ. ಕಲ್ಲು ಬಿದ್ದ ರಾತ್ರಿ ಕೇರಿಗೆ ಏನು ಬರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ನಮ್ಮವರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಗಾಜು ಒಡೆದದ್ದಕ್ಕೆ ಚಪ್ಪಾಳೆ ತಟ್ಟಿದ ನಾವು ಹಾಸ್ಟೆಲ್ಲಿಗೆ ಬಂದು ಮಲಗುತ್ತೇವೆ. ಆ ಹುಡುಗನ ತಾಯಿ ಎಲ್ಲಿ ಮಲಗಬೇಕು? ಕಲ್ಲು ಬೇಡ ಎನ್ನುತ್ತಿಲ್ಲ. ಕಲ್ಲೊಂದೇ ಕಂಡರೆ ಸಾಲದು ಎನ್ನುತ್ತಿದ್ದೇವೆ.

ಎರಡನೆಯ ಗುಂಪಿಗೆ ಉತ್ತರ ಬೇಕಿಲ್ಲ. ಅವರು ಯಾವ ಸಿನಿಮಾ ನೋಡಿದರೂ ಹಾಗೇ ಹೇಳುತ್ತಾರೆ.

ಮೂರನೆಯ ಗುಂಪಿಗೆ ಉತ್ತರ ಕೊಟ್ಟದ್ದು ನಾವಲ್ಲ. ನಮಗೆ ಅನ್ನ ಮಾಡಿ ಹಾಕುವ ಅವ್ವ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಅವ್ವನೂ ಸಿನಿಮಾ ನೋಡಿದ್ದಳು. ದಖನಿ ಮಾತು ಅವ್ವನಿಗೆ ಒಂದೂ ಬರುವುದಿಲ್ಲ. ನಮ್ಮ ವಾದ ಕೇಳಿ ಕೇಳಿ ಸಾಕಾಗಿ ಒಂದೇ ಮಾತು ಕೇಳಿದಳು:

‘ತಿಂಗಳ ಲೆಕ್ಕ ಹಾಕೋಕೆ ಕಿವಿ ಬೇಕೇನ್ರೋ? ಬಾಯಿ ಬೇಕೇನ್ರೋ?’

ನಾವು ಸುಮ್ಮನಾದೆವು.

ಹೌದಲ್ಲ! ಅವನು ಊರು ಬಿಟ್ಟು ಹೋಗಿದ್ದವನು. ಎಷ್ಟು ದಿನ ಎಂದು ನಮಗಿಂತ ಅವನಿಗೆ ಚೆನ್ನಾಗಿ ಗೊತ್ತು. ಬೆರಳು ಮಡಚಿ ಎಣಿಸಿದರೆ ಆಯಿತು. ಆದರೆ ಅವನಿಗೆ ಗೊತ್ತಿರಬಹುದು ಎಂದು ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಏಕೆ? ಮಾತು ಬಾರದವನಿಗೆ ಬುದ್ಧಿಯೂ ಇಲ್ಲ ಅಂದುಕೊಂಡೆವು. ಸಾವಿರಾರು ವರ್ಷ ನಮ್ಮ ಅಪ್ಪಂದಿರು ಧಣಿಗಳ ಅಂಗಳದಲ್ಲಿ ಬಾಯಿ ಮುಚ್ಚಿ ನಿಂತಾಗ ಧಣಿಗಳೂ ಹಾಗೇ ಅಂದುಕೊಂಡಿದ್ದರು. ಅವರ ಕನ್ನಡಕ ನಮ್ಮ ಮೂಗಿನ ಮೇಲೆ ಯಾವಾಗ ಬಂದು ಕೂತಿತೋ ನಮಗೇ ಗೊತ್ತಾಗಲಿಲ್ಲ.

ಅವನಿಗೆ ಗೊತ್ತಿತ್ತು ಎಂದು ನಾವು ಆಣೆ ಮಾಡುವುದಿಲ್ಲ. ಸಿನಿಮಾ ಅದನ್ನು ಹೇಳುವುದಿಲ್ಲ. ಗೊತ್ತಿಲ್ಲದೆ ಖುಷಿಪಟ್ಟ ಎಂದರೆ ಅವನ ಮುಗ್ಧತೆ ಕಂಡು ಕರುಳು ಕಿವುಚುತ್ತದೆ. ಗೊತ್ತಿದ್ದೂ ಖುಷಿಪಟ್ಟ ಎಂದರೆ? ಆಗ ಆ ಊರಿನಲ್ಲಿ ಗಂಡಸು ಎನ್ನಬಹುದಾದವನು ಅವನೊಬ್ಬನೇ. ಧಣಿ ಬೀಜ ಬಿತ್ತಿ ಕೈ ತೊಳೆದುಕೊಂಡ. ಇವನು ಕೂಸಿಗೆ ಅನ್ನ ದುಡಿಯಲು ಕೋಲೂರಿಕೊಂಡು ಹೊರಟ. ಎರಡರಲ್ಲಿ ಯಾವುದನ್ನು ನೀವು ನಂಬುತ್ತೀರಿ ಎಂಬುದರಲ್ಲಿ ನೀವು ಯಾರು ಎಂಬುದೂ ಗೊತ್ತಾಗುತ್ತದೆ.

ಇನ್ನು ಲಕ್ಷ್ಮಿಯ ಮಾತಿಗೆ ಬರೋಣ. ಮೂರು ಗುಂಪುಗಳೂ ಹುಡುಗನನ್ನು ನೋಡಿದವು, ಧಣಿಯನ್ನು ನೋಡಿದವು, ಗಂಡನನ್ನು ನೋಡಿದವು. ಬಸುರಿಯನ್ನು ನೋಡಿದವರು ಯಾರು? ನಾವೆಲ್ಲ ಅವಳ ಬಸುರನ್ನು ‘ಅನಾಹುತ’, ‘ಬೇಡದ ಬಸುರು’ ಎಂದೇ ಕರೆಯುತ್ತಿದ್ದೆವು. ಯಾರಿಗೆ ಬೇಡದ್ದು ಸ್ವಾಮಿ? ಸಿನಿಮಾದ ಮೊದಲನ್ನು ಜ್ಞಾಪಿಸಿಕೊಳ್ಳಿ. ಜಾತ್ರೆ ನಡೆದಿದೆ. ಲಕ್ಷ್ಮಿ ದೇವಿಯ ಮುಂದೆ ನಿಂತು ಬೇಡುವುದು ಒಂದೇ, ಒಂದು ಕೂಸು. ಧಣಿ ಊರಿಗೆ ಬರುವುದಕ್ಕೂ ಮೊದಲೇ ಅವಳಿಗೆ ಕೂಸು ಬೇಕಿತ್ತು! ಆ ಬಸುರಿಗೆ ಲೆಕ್ಕ ಹಾಕಿರದವನು ಸೂರ್ಯ. ಅದು ಬೇಡವಾದದ್ದು ಸೂರ್ಯನಿಗೆ. ಅವನ ಬಾಯಿಯ ಪದವನ್ನೇ ನಾವು ಎತ್ತಿಕೊಂಡು ಅವಳ ಹೊಟ್ಟೆಯ ಮೇಲೆ ಚೀಟಿ ಅಂಟಿಸಿದೆವು.

ಹಾಗೆಂದು ಅವಳು ಇಷ್ಟಪಟ್ಟು ಅವನ ಹತ್ತಿರ ಹೋದಳು ಎಂದು ಯಾರಾದರೂ ಹೇಳಿದರೆ ಅವರ ಜೊತೆ ನಾವು ಮಾತಾಡುವುದಿಲ್ಲ. ಕೆಲಸ ಅವನದು, ಅಕ್ಕಿ ಅವನದು, ಅವಳು ಇರುವ ಗುಡಿಸಲ ನೆಲವೂ ಧಣಿಯದು. ಗಂಡ ಊರಲ್ಲಿಲ್ಲ. ಅಂಥ ಕಡೆ ‘ಒಪ್ಪಿಗೆ’ ಎಂಬ ಮಾತಿಗೆ ತೂಕ ಎಷ್ಟು? ಮೇಲಿರುವವನು ತನ್ನ ಸ್ಥಾನಬಲದಿಂದ ಪರಿಶಿಷ್ಟ ಹೆಣ್ಣನ್ನು ಬಳಸಿಕೊಳ್ಳುವುದು ಅಪರಾಧ ಎಂದು 1989ರ ದೌರ್ಜನ್ಯ ತಡೆ ಕಾಯ್ದೆ ಬರೆಯಿತು. ಸಿನಿಮಾ ಬಂದು ಹದಿನೈದು ವರ್ಷ ಆದ ಮೇಲೆ.

ಇಲ್ಲಿ ಇನ್ನೊಂದು ಸಂಗತಿ. ಸೂರ್ಯನ ಅಪ್ಪ ಹಳೆ ಕಾಲದ ಧಣಿ. ಅವನಿಗೂ ಕೌಸಲ್ಯ ಎಂಬ ಇಟ್ಟುಕೊಂಡವಳಿದ್ದಾಳೆ, ಅವಳಲ್ಲಿ ಪ್ರತಾಪ ಎಂಬ ಮಗನಿದ್ದಾನೆ. ಆ ಮುದುಕ ಅವರಿಗೆ ಭೂಮಿ ಬರೆದುಕೊಟ್ಟಿದ್ದಾನೆ. ಓದಿದ ಮಗನಿಗೆ ಅದು ಅಸಹ್ಯ. ಆದರೆ ಜಾತಿ ನಂಬದ ಅದೇ ಮಗ ತನ್ನ ಕೂಸನ್ನು ಹೊತ್ತವಳಿಗೆ ಒಂದು ಹಿಡಿ ಅಕ್ಕಿಯನ್ನೂ ಬಿಡಲಿಲ್ಲ. ಮುದುಕ ಒಳ್ಳೆಯವನಲ್ಲ, ಅದು ಊಳಿಗಮಾನ್ಯದ ಗತ್ತು. ಆದರೆ ಜಾತಿ ಇಲ್ಲ ಎನ್ನುವ ಮಾತು ಎಷ್ಟು ಅಗ್ಗ ಎಂದು ಅಪ್ಪ ಮಗನನ್ನು ಪಕ್ಕಪಕ್ಕ ನಿಲ್ಲಿಸಿದರೆ ತಿಳಿಯುತ್ತದೆ. ಕಾಲೇಜಿನಲ್ಲಿ ನಿಮ್ಮ ತಟ್ಟೆಯಲ್ಲಿ ಕೈ ಹಾಕಿ ಉಣ್ಣುವ ಗೆಳೆಯನನ್ನು ನಂಬಿ, ಬೇಡ ಎನ್ನುವುದಿಲ್ಲ. ಲೆಕ್ಕ ಕೊಡುವ ದಿನ ಬಂದಾಗ ಅವನು ಎಲ್ಲಿ ನಿಲ್ಲುತ್ತಾನೆ ಎಂದು ನೋಡಿ.

ಕನ್ನಡದಲ್ಲಿ 1977ರಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಬಂತು. ಅಲ್ಲೂ ಒಬ್ಬ ಬಸುರಿ, ಬ್ರಾಹ್ಮಣ ವಿಧವೆ ಯಮುನಕ್ಕ. ಅವಳ ಬಸುರು ಇಳಿಯಿತು, ತಲೆ ಬೋಳಾಯಿತು, ಬದುಕಿರುವಾಗಲೇ ಅವಳ ಶ್ರಾದ್ಧವಾಯಿತು. ಕೊನೆಗೆ ಮರದ ಕೆಳಗೆ ಒಬ್ಬಳೇ ಕೂತಿದ್ದಾಳೆ. ಮುಂದೇನು ಎಂದು ಆ ಸಿನಿಮಾವೂ ಹೇಳುವುದಿಲ್ಲ. ಅಗ್ರಹಾರದಲ್ಲಿ ಬಸುರು ಎಂದರೆ ಮನೆತನದ ಮಾನ. ಮಾನ ಉಳಿಸಲು ಹೆಣ್ಣನ್ನೇ ಅಳಿಸಿದರು. ಲಕ್ಷ್ಮಿಯ ಮನೆಯಲ್ಲಿ ಕಾಯಬೇಕಾದ ಮನೆತನ ಇಲ್ಲ, ಬರಿ ಹಸಿವಿದೆ. ಅದಕ್ಕೇ ಅವಳು ‘ಇದು ನನ್ನದು’ ಎಂದು ನಿಲ್ಲಬಲ್ಲಳು. ನಮ್ಮ ಕೇರಿಯ ಹೆಂಗಸರಿಗೆ ಇರುವ ಬಲ ಇದು. ಆದರೆ ಈಚೆಗೆ ಓದಿದ ನಾವು, ಸಂಬಳ ಎಣಿಸುವ ನಾವು, ಅಗ್ರಹಾರದ ಮಾನವನ್ನು ಕೇರಿಗೆ ಹೊತ್ತು ತರುತ್ತಿದ್ದೇವೆ.

ಇದು ಬರಿ ಮಾತಲ್ಲ. ಈಗ ಹೇಳಬೇಕಾದದ್ದನ್ನು ಹೇಳುತ್ತೇವೆ.

ನಮ್ಮೊಳಗಿನ ಒಬ್ಬ ಗೆಳೆಯ. ಹೆಸರು ಬೇಡ, ಊರು ಬೇಡ, ವರ್ಷ ಬೇಡ. ಸಭೆಯಲ್ಲಿ ಅವನು ನಿಂತು ಮಾತಾಡಿದರೆ ನಮ್ಮ ರೋಮ ನಿಲ್ಲುತ್ತಿತ್ತು. ಅವನನ್ನು ನಂಬಿದ ಒಂದು ಹುಡುಗಿ, ನಮ್ಮ ಜನದವಳೇ, ಬಸುರಾದಳು. ಅವನು ‘ತೆಗೆಸಿಬಿಡು’ ಎಂದ. ರೊಕ್ಕ ಸಾಲಲಿಲ್ಲ ಎಂದು ನಮ್ಮ ರೂಮುಗಳಿಗೆ ಬಂದ. ನಾವು ಚಂದಾ ಎತ್ತಿ ಕೊಟ್ಟೆವು. ಏತಕ್ಕೆ ಎಂದು ಗೊತ್ತಿದ್ದೇ ಕೊಟ್ಟೆವು. ‘ಸಂಘಟನೆಗೆ ಕೆಟ್ಟ ಹೆಸರು ಬರಬಾರದು’ ಎಂದು ಒಬ್ಬ ಹಿರಿಯರು ಅಂದರು. ನಾವು ಹೂಂ ಎಂದೆವು. ಆ ಹುಡುಗಿಗೆ ಏನು ಬೇಕಿತ್ತು? ತೆಗೆಸುವುದೋ, ಉಳಿಸಿಕೊಳ್ಳುವುದೋ? ನಮಗೆ ಇವತ್ತಿಗೂ ಗೊತ್ತಿಲ್ಲ. ಯಾಕೆಂದರೆ ಯಾರೂ ಕೇಳಲಿಲ್ಲ. ಅವಳು ಕಾಲೇಜು ಬಿಟ್ಟಳು. ಅವನು ಮುಂದಿನ ಸಭೆಯಲ್ಲೂ ಭಾಷಣ ಮಾಡಿದ. ನಾವು ಚಪ್ಪಾಳೆ ತಟ್ಟಿದೆವು.

ಆ ದಿನ ನಮ್ಮ ಕಿಟಕಿಗೆ ಯಾರೂ ಕಲ್ಲು ಎಸೆಯಲಿಲ್ಲ.

ಸಿನಿಮಾದಲ್ಲಿ ಒಂದು ಪಂಚಾಯ್ತಿ ಬರುತ್ತದೆ. ಗಂಡನನ್ನು ಬಿಟ್ಟು ಬೇರೊಬ್ಬನ ಜೊತೆ ಹೋದ ಒಬ್ಬ ಹೆಂಗಸನ್ನು ನಡುವೆ ನಿಲ್ಲಿಸಿ ಗಂಡಸರು ತೀರ್ಪು ಕೊಡುತ್ತಾರೆ. ಅದನ್ನು ನೋಡುವಾಗ ನಮ್ಮ ಹುಡುಗರು ಬೈದರು. ಆದರೆ ಎಂಟೇ ಜನ ಚಂದಾ ಎತ್ತಿ ಒಬ್ಬಳ ಹೊಟ್ಟೆಯ ತೀರ್ಪು ಮಾಡಿದ್ದೂ ಪಂಚಾಯ್ತಿಯೇ. ಕಟ್ಟೆ ಇರಲಿಲ್ಲ, ರೂಮಿತ್ತು, ಅಷ್ಟೇ ವ್ಯತ್ಯಾಸ.

ಇದನ್ನು ಯಾಕೆ ಚಳವಳಿಯ ಪತ್ರಿಕೆಯಲ್ಲಿ ಬರೆಯುತ್ತೀರಿ, ಭೂಮಿಯ ಪ್ರಶ್ನೆ ಇಲ್ಲವಾ, ಮೀಸಲಾತಿಯ ಪ್ರಶ್ನೆ ಇಲ್ಲವಾ ಎಂದು ಕೇಳುವವರಿದ್ದಾರೆ. ಅವರಿಗೆ ಬಾಬಾಸಾಹೇಬರನ್ನು ತೋರಿಸುತ್ತೇವೆ. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಕೂಲಿ ಹೆಂಗಸರ ಹೆರಿಗೆ ಸವಲತ್ತಿನ ಮಸೂದೆಯ ಪರ ಮಾತಾಡಿದವರು ಅವರು. 1938ರ ನವೆಂಬರಿನಲ್ಲಿ ಅವರ ಸ್ವತಂತ್ರ ಕಾರ್ಮಿಕ ಪಕ್ಷ ಅದೇ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಗೊತ್ತುವಳಿ ತಂದಿತು. ಪಿ. ಜೆ. ರೋಹಮ್ ಮಂಡಿಸಿದರು. ಬೇರೆ ಪಕ್ಷಗಳು ಬಾಯಿಬಿಡಲು ನಾಚುತ್ತಿದ್ದ ಕಾಲದಲ್ಲಿ, ಬೇಡವಾದ ಬಸುರಿನಿಂದ ಹೆಣ್ಣಿಗೆ ಬಿಡುಗಡೆ ಬೇಕು ಎಂಬುದು ಅವರ ರಾಜಕೀಯವಾಗಿತ್ತು. ಗೊತ್ತುವಳಿ ಬಿದ್ದುಹೋಯಿತು. 1942ರ ಜುಲೈನಲ್ಲಿ ನಾಗಪುರದ ದಲಿತ ಮಹಿಳಾ ಸಮ್ಮೇಳನದಲ್ಲೂ ಮದುವೆಗೆ ಆತುರಬೇಡ, ಮಕ್ಕಳ ಮೇಲೆ ಮಕ್ಕಳು ಬೇಡ ಎಂದು ಹೆಣ್ಣುಮಕ್ಕಳಿಗೇ ನೇರ ಹೇಳಿದರು. ಹೊಟ್ಟೆ ಹೊರುವವಳ ಮಾತು ಚಳವಳಿಯ ಮಾತಲ್ಲ ಎನ್ನುವವರು ಯಾವ ಅಂಬೇಡ್ಕರರ ಫೋಟೋಗೆ ಹಾರ ಹಾಕುತ್ತಾರೋ ನಮಗೆ ಗೊತ್ತಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಗರ್ಭ ತೆಗೆಸುವುದು ಪಾಪ ಎಂದು ನಾವು ಹೇಳುತ್ತಿಲ್ಲ. ಅದು ಪುರೋಹಿತನ ಮಾತು, ನಮ್ಮದಲ್ಲ. ಲಕ್ಷ್ಮಿ ಉಳಿಸಿಕೊಂಡಳು ಎಂದು ಎಲ್ಲರೂ ಉಳಿಸಿಕೊಳ್ಳಬೇಕಿಲ್ಲ. ಓದುತ್ತಿರುವ ಹುಡುಗಿ ಬೇಡ ಎಂದರೆ ಬೇಡ. ನಮ್ಮ ಮಾತು ಇಷ್ಟೇ: ಬೇಕು ಎನ್ನುವುದೂ ಬೇಡ ಎನ್ನುವುದೂ ಅವಳ ಬಾಯಿಂದ ಬರಬೇಕು.

ಕಾನೂನೂ ಇದನ್ನೇ ಹೇಳುತ್ತದೆ. ನಮ್ಮ ಹಾಸ್ಟೆಲ್ಲುಗಳಲ್ಲಿ ಇದು ಗೊತ್ತಿಲ್ಲದೆ ಹುಡುಗಿಯರು ಕಂಡಕಂಡವರ ಕೈಗೆ ಸಿಕ್ಕು ಒದ್ದಾಡುತ್ತಾರೆ. ಅದಕ್ಕೇ ಬರೆಯುತ್ತೇವೆ, ಕತ್ತರಿಸಿ ನೋಟೀಸ್ ಬೋರ್ಡಿಗೆ ಹಚ್ಚಿ. 1971ರ ಗರ್ಭಪಾತ ಕಾಯ್ದೆ 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2021ರ ತಿದ್ದುಪಡಿಯ ನಂತರ, ಕಾಯ್ದೆ ಹೇಳುವ ಕಾರಣಗಳಿಗೆ, 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವು ಸಂದರ್ಭಗಳಲ್ಲಿ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದವರೆಗೂ ಆಗುತ್ತದೆ. 18 ದಾಟಿದ ಹೆಣ್ಣಿಗೆ ಅವಳೊಬ್ಬಳ ಒಪ್ಪಿಗೆ ಸಾಕು, ಗಂಡನ ಸಹಿ, ಅಪ್ಪನ ಸಹಿ ಕಾಯ್ದೆ ಕೇಳುವುದಿಲ್ಲ. ಮದುವೆ ಆಗಿದೆಯೋ ಇಲ್ಲವೋ ಎಂದು ಭೇದ ಮಾಡಬಾರದು ಎಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಅವಳ ಹೆಸರನ್ನು ಬಯಲು ಮಾಡುವುದು ಅಪರಾಧ. ಅವಳಿಗೆ ಬೇಡವಾಗಿದ್ದರೂ ಬಲವಂತದಿಂದ ತೆಗೆಸುವುದು ಅದಕ್ಕಿಂತ ದೊಡ್ಡ ಅಪರಾಧ. ಹಳೆಯ ದಂಡಸಂಹಿತೆಯ 313ನೇ ಕಲಮಿನಲ್ಲಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 89ನೇ ಕಲಮಿನಲ್ಲಿದೆ. ಜೀವಾವಧಿಯವರೆಗೂ ಶಿಕ್ಷೆ ಇದೆ.

ಉಳಿಸಿಕೊಂಡವಳಿಗೂ ಕಾನೂನಿದೆ. ತಾಳಿ ಕಟ್ಟದವನೂ ತನ್ನ ಕೂಸಿಗೆ ಜೀವನಾಂಶ ಕೊಡಬೇಕು. ಸಿನಿಮಾ ಬಂದ 1974ರಲ್ಲೇ ಜಾರಿಗೆ ಬಂದ ದಂಡಪ್ರಕ್ರಿಯಾ ಸಂಹಿತೆಯ 125ನೇ ಕಲಮು ಹೀಗೆ ಹೇಳುತ್ತಿತ್ತು. 2024ರ ಜುಲೈಯಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು. ಇನ್ನು ಜಾತಿ ಪ್ರಮಾಣಪತ್ರ. ಮೇಲ್ಜಾತಿ ಅಪ್ಪನ ಮಗು ಎಂದು ಕಣ್ಣುಮುಚ್ಚಿ ಅಪ್ಪನ ಜಾತಿ ಬರೆಯುವಂತಿಲ್ಲ, ತಾಯಿಯ ಜನದ ನಡುವೆ ಅದೇ ಅವಮಾನ ಉಂಡು ಬೆಳೆದಿದೆಯೇ ಎಂದು ನೋಡಬೇಕು ಎಂದು ಸುಪ್ರೀಂ ಕೋರ್ಟು 2012ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಹೇಳಿತು. ಲಕ್ಷ್ಮಿಯ ಕೂಸು ಬೆಳೆದು ನಮ್ಮ ಹಾಸ್ಟೆಲ್ಲಿಗೆ ಅರ್ಜಿ ಹಾಕಿದ್ದರೆ, ಅರ್ಜಿಯ ಮೇಲೆ ‘ತಂದೆಯ ಹೆಸರು’ ಎಂಬ ಜಾಗದಲ್ಲಿ ಪೆನ್ನು ನಿಂತಿರುತ್ತಿತ್ತು. ಆಗ ನಾವು ಅವನ ಪಕ್ಕ ಕೂರುತ್ತಿದ್ದೆವಾ? ಅಥವಾ ಹಿಂದೆ ನಿಂತು ನಗುತ್ತಿದ್ದೆವಾ?

ಅದಕ್ಕೇ ನಾವು ಹೇಳುವುದು, ಸಿನಿಮಾದ ಕೊನೆ ಕಲ್ಲಲ್ಲ. ಕಲ್ಲು ಬಿದ್ದ ಹೊತ್ತಿನಲ್ಲಿ ತೆರೆಯ ಹೊರಗೆ, ನಮಗೆ ಕಾಣದ ಕಡೆ, ಒಬ್ಬ ಬಸುರಿ ಏಟು ತಿಂದ ಗಂಡನನ್ನು ಹಿಡಿದುಕೊಂಡು ಮನೆಗೆ ನಡೆಯುತ್ತಿದ್ದಾಳೆ. ಅವಳ ಹೊಟ್ಟೆಯಲ್ಲಿರುವುದೇ ಮೊಳಕೆ. ಅದು ಹುಟ್ಟುತ್ತದೋ ಇಲ್ಲವೋ, ಹುಟ್ಟಿದರೆ ಅದಕ್ಕೆ ಯಾರು ಅಣ್ಣ, ಯಾರು ಮಾವ, ಕೇರಿಯಲ್ಲಿ ಯಾರು ಎತ್ತಿಕೊಳ್ಳುತ್ತಾರೆ ಎಂಬುದನ್ನು ನಿರ್ದೇಶಕ ಹೇಳಲಿಲ್ಲ. ಅವನು ಹೇಳಲಾರ. ಅದು ನಾವು ಹೇಳಬೇಕಾದ ಉತ್ತರ. ಧಣಿಯ ಕಿಟಕಿ ಒಡೆಯುವ ಕೈ ಆ ಕೂಸಿನ ತೊಟ್ಟಿಲನ್ನೂ ತೂಗಬೇಕು. ತೂಗಲಾರದ ಕೈ ಎಸೆದ ಕಲ್ಲು ಎಲ್ಲಿಗೂ ಮುಟ್ಟುವುದಿಲ್ಲ.

ಅವ್ವ ಅವತ್ತು ದೀಪ ಆರಿಸುವ ಮುಂಚೆ ಇನ್ನೊಂದು ಮಾತು ಅಂದಳು. ‘ಕೂಸು ಯಾರ್ದಾದ್ರೇನ್ರಪ್ಪಾ, ಹೊಟ್ಟೆ ಅವಳ್ದಲ್ವಾ.’ ನಾವು ಬಿ.ಎ. ಮಾಡಿದವರು, ಕವನ ಬರೆಯುವವರು, ಇಷ್ಟುದ್ದ ಬರೆದು ಹೇಳಿದ್ದೂ ಅದನ್ನೇ.

ಬರುವ ಭಾನುವಾರ ‘ಅಂಕುರ್’ ಮತ್ತೆ ಹಾಕುತ್ತೇವೆ. ಈ ಸಲ ಮಧ್ಯಾಹ್ನ ಹನ್ನೆರಡಕ್ಕೇ ಶುರು. ಹೆಣ್ಣುಮಕ್ಕಳ ಹಾಸ್ಟೆಲ್ಲಿನವರಿಗೆ ಟೈಮು ಸಾಲದೆ ಹೋಗಬಾರದು. ಸಿನಿಮಾ ಮುಗಿದ ಮೇಲೆ ಮೊದಲು ಅವರು ಮಾತಾಡುತ್ತಾರೆ. ನಾವು ಕೇಳುತ್ತೇವೆ. ಅವ್ವನಿಗೆ ಅವತ್ತು ಬಾಗಿಲಲ್ಲಿ ನಿಲ್ಲುವ ಕೆಲಸ ಇಲ್ಲ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿರುತ್ತೇವೆ. ಅಡುಗೆ ಹುಡುಗರದು.